ಕ್ಷೌರದ ಕತ್ತಿಗೆ ದಿನಾ ಬೇಕಾದ್ದು ಕಲ್ಲಲ್ಲ, ಚರ್ಮದ ಪಟ್ಟಿ

ನಾಲ್ಕು ವರ್ಷದ ಹಿಂದೆ ಊರಿನ ಮನೆಯ ಅಟ್ಟ ಗುಡಿಸುವಾಗ ತಗಡಿನ ಟ್ರಂಕಿನಲ್ಲಿ ಅಜ್ಜನ ಕ್ಷೌರದ ಕತ್ತಿ ಸಿಕ್ಕಿತು. ಎಣ್ಣೆ ಕಲೆಯಾದ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನೋಡಿದರೆ ಅಲ್ಲಲ್ಲಿ ಕಂದು ಚುಕ್ಕೆ, ಬುಡದಲ್ಲಿ ‘ಸೋಲಿಂಗೆನ್’ ಅಂತ ಮಸುಕಾದ ಅಕ್ಷರ, ಅದು ಕತ್ತಿ ಚಾಕುವಿಗೆ ಹೆಸರಾದ ಜರ್ಮನಿಯ ಊರು. ಭಾವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಸಂತೆ ದಿನ ಸಾಣೆಯವನು ಬರ್ತಾನಲ್ಲ, ಅವನ ಕೈಗೆ ಕೊಡು. ಐದು ನಿಮಿಷದಲ್ಲಿ ಹೊಸದಾಗತ್ತೆ” ಅಂದರು. ನಾನು ಕೊಡೋಕೆ ಹೊರಟೂ ಇದ್ದೆ. ಆ ವಾರ ಸಾಣೆಯವನು ಬರಲಿಲ್ಲ, ಕತ್ತಿ ಉಳಿಯಿತು. ಯಾಕೆ ಉಳಿಯಿತು ಅನ್ನೋದು ಮುಂದೆ ಬರುತ್ತದೆ.

ಈಗ ಇದನ್ನು ಬರೆಯೋಕೆ ಕಾರಣ ಇದೆ. ಈಚೆಗೆ ಪರಿಚಯದವರಲ್ಲಿ ನಾಲ್ಕೈದು ಜನ ಮಡಿಸುವ ಕ್ಷೌರದ ಕತ್ತಿ ತಗೊಂಡಿದ್ದಾರೆ. ಒಬ್ಬರಿಗೆ ಪ್ಲಾಸ್ಟಿಕ್ ರೇಜರ್ ಬಿಸಾಡಿ ಬಿಸಾಡಿ ಬೇಜಾರು, ಇನ್ನೊಬ್ಬರಿಗೆ ಫೋನಿನಲ್ಲಿ ನೋಡಿದ ವಿಡಿಯೋ, ಮತ್ತೊಬ್ಬರಿಗೆ ಮದುವೆಗೆ ಬಂದ ಉಡುಗೊರೆ. ಎರಡು ವಾರ ಆದ ಮೇಲೆ ಎಲ್ಲರದ್ದೂ ಒಂದೇ ರಾಗ: “ಮೊಂಡಾಯ್ತು ಮಾರಾಯಾ, ಎಲ್ಲಿ ಮಸೆಸೋದು?” ನಾನು ತಿರುಗಿ ಕೇಳೋದೂ ಒಂದೇ. ದಿನಾ ಪಟ್ಟಿಗೆ ಎಳೀತಿದ್ದೀರಾ, ಹೇಗೆ ಎಳೀತಿದ್ದೀರಾ? ಹೆಚ್ಚಿನ ಸಲ ಕತ್ತಿ ಕೆಟ್ಟಿರುವುದು ಗಡ್ಡದಿಂದಲ್ಲ, ಪಟ್ಟಿಯ ಮೇಲಿನ ಕೈಯಿಂದ.

ಸಲೂನಿನಲ್ಲಿ ನೋಡಿದ್ದು ಇದಲ್ಲ

ಸಲೂನಿನಲ್ಲಿ ಈಗ ಬಳಸುವ ಕತ್ತಿ ನೋಡೋಕೆ ಹೀಗೇ ಇರುತ್ತದೆ, ಆದರೆ ಅದರಲ್ಲಿ ಹರಿತ ಇರುವುದು ಬ್ಲೇಡಿನಲ್ಲಿ. ಎರಡು ಬಾಯಿಯ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು ಅರ್ಧ ತುಂಡನ್ನು ಸಿಕ್ಕಿಸುತ್ತಾರೆ, ಮುಂದಿನ ಗಿರಾಕಿಗೆ ಹೊಸ ತುಂಡು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಥರದ ರಕ್ತದಿಂದ ಹರಡುವ ಕಾಯಿಲೆಗಳ ಭಯ ಬಂದ ಮೇಲೆ ಒಂದೇ ಕತ್ತಿಯಲ್ಲಿ ಹತ್ತು ಜನಕ್ಕೆ ಕ್ಷೌರ ಮಾಡುವುದು ನಿಂತಿತು, ನಿಲ್ಲಲೇಬೇಕಿತ್ತು. ಆ ಕತ್ತಿಗೆ ಪಟ್ಟಿಯೂ ಬೇಡ, ಕಲ್ಲೂ ಬೇಡ.

ಇಲ್ಲಿ ಹೇಳುತ್ತಿರುವುದು ಇಡೀ ಅಲಗೇ ಉಕ್ಕಿನದ್ದಾಗಿರುವ ಹಳೇ ಥರದ ಕತ್ತಿಯ ಬಗ್ಗೆ. ಒಂದು ಕತ್ತಿ ಒಬ್ಬರಿಗೆ ಮಾತ್ರ. ಅಪ್ಪನದ್ದನ್ನು ಮಗ ಇವತ್ತು, ಅಣ್ಣನದ್ದನ್ನು ತಮ್ಮ ನಾಳೆ ಅಂತ ಹಂಚಿಕೊಳ್ಳೋದು ಬೇಡ.

ಬೆನ್ನು, ಬಾಯಿ, ಬುಡ

ಮೂರು ಹೆಸರು ಗೊತ್ತಿದ್ದರೆ ಸಾಕು. ಕೊಯ್ಯುವ ಅಂಚನ್ನು ಕೊಡಲಿಗೆ ಹೇಳುವ ಹಾಗೆ ‘ಬಾಯಿ’ ಅನ್ನೋಣ. ಅದರ ಎದುರಿಗಿರುವ ದಪ್ಪ ಅಂಚು ‘ಬೆನ್ನು’. ಹಿಡಿಯ ಹತ್ತಿರದ ಕಡೆ ‘ಬುಡ’, ಇನ್ನೊಂದು ಕಡೆ ‘ತುದಿ’.

ಈ ಬೆನ್ನು ಸುಮ್ನೆ ಗಟ್ಟಿತನಕ್ಕೆ ಇರುವುದಲ್ಲ. ಅಡುಗೆಮನೆ ಚಾಕು ಮಸೆಯುವಾಗ ಎಷ್ಟು ಓರೆ ಹಿಡಿಯಬೇಕು ಅಂತ ಕೈಯೇ ಅಂದಾಜು ಮಾಡಬೇಕು, ಅಲ್ವಾ? ಕ್ಷೌರದ ಕತ್ತಿಯಲ್ಲಿ ಆ ತಲೆನೋವಿಲ್ಲ. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿದರೆ ಬೆನ್ನೂ ತಾಗುತ್ತದೆ, ಬಾಯಿಯೂ ತಾಗುತ್ತದೆ, ಮಧ್ಯದ ಭಾಗ ತಗ್ಗಾಗಿರುವುದರಿಂದ ತಾಗುವುದಿಲ್ಲ. ಎಷ್ಟು ಓರೆ ಅನ್ನೋದು ಬೆನ್ನಿನ ದಪ್ಪದಲ್ಲೇ ತೀರ್ಮಾನವಾಗಿರುತ್ತದೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ 5/8, 6/8 ಅಂತ ಹೇಳುತ್ತಾರೆ. 5/8 ಅಂದರೆ ಸುಮಾರು 16 ಮಿಲಿಮೀಟರ್. ಅದರ ಬೆನ್ನು ನಾಲ್ಕೂವರೆ ಮಿಲಿಮೀಟರ್ ದಪ್ಪ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಬರುತ್ತದೆ. ಅಡುಗೆ ಚಾಕುವಿನದ್ದು ಸಾಮಾನ್ಯವಾಗಿ ಇದರ ಎರಡರಷ್ಟು.

ಇಷ್ಟು ಸಣ್ಣ ಕೋನದಲ್ಲಿ ಎರಡು ಮುಖ ಬಂದು ಸೇರುವ ಜಾಗ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಗೋಲಿ ಸೋಡಾ ಬಾಟಲಿಗೆ ತಾಗಿದರೂ, ನಲ್ಲಿಗೆ ತಾಗಿದರೂ, ಕೊನೆಗೆ ಹೆಬ್ಬೆರಳಲ್ಲಿ “ಹರಿತ ಇದೆಯಾ” ಅಂತ ಸವರಿದರೂ ಅದು ಕೆಡುತ್ತದೆ. ಹೆಬ್ಬೆರಳೂ ಕೆಡುತ್ತದೆ ಅನ್ನಿ.

ಮೆತ್ತನೆ ಕೂದಲು ಗಟ್ಟಿ ಉಕ್ಕನ್ನು ಸೋಲಿಸುವುದು ಹೇಗೆ?

ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಹಾಗಿದ್ದರೂ ಬ್ಲೇಡು ಮೊಂಡಾಗುತ್ತದೆ. ಯಾಕೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಿಯಾನ್‌ಲೂಕಾ ರೋಶೋಲಿ ಮತ್ತು ಸಂಗಡಿಗರು ಪರೀಕ್ಷೆ ಮಾಡಿ, 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ರೋಶೋಲಿ ತಾವೇ ಗಡ್ಡ ಬೋಳಿಸಿಕೊಂಡು, ಬೋಳಿಸಿದ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು.

ಬಾಯಿ ಸವೆದು ಸವೆದು ಗುಂಡಾಗುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅವರಿಗೆ ಕಂಡದ್ದು ಬೇರೆ. ಅಂಚಿನಿಂದ ಸಣ್ಣ ಸಣ್ಣ ಚೂರು ಎದ್ದುಹೋಗಿದ್ದವು. ಉಕ್ಕು ಹೊರಗೆ ಕಾಣುವಷ್ಟು ಒಂದೇ ಹದದ್ದಲ್ಲ. ಒಳಗೆ ಒಂದು ಕಡೆ ಗಟ್ಟಿ, ಪಕ್ಕದಲ್ಲೇ ಸ್ವಲ್ಪ ಮೆತ್ತಗೆ. ಕೂದಲು ನೆಟ್ಟಗೆ ನಿಲ್ಲದೆ ಬಾಗಿ, ಓರೆಯಾಗಿ ಬಾಯಿಗೆ ಸಿಕ್ಕಾಗ, ಅದೂ ಈ ಎರಡು ಹದ ಸೇರುವ ಜಾಗದಲ್ಲೇ ಸಿಕ್ಕಾಗ, ಅಲ್ಲಿಂದ ಚೂರು ಕಿತ್ತುಬರುತ್ತದೆ. ಅವರು ನೋಡಿದ್ದು ಬಳಸಿ ಬಿಸಾಡುವ ರೇಜರಿನ ಬ್ಲೇಡು. ಆದರೆ ನಮ್ಮ ಕತ್ತಿಗೂ ಇದರಿಂದ ಒಂದು ಪಾಠ ಇದೆ. ಕ್ಷೌರಕ್ಕೆ ಮುಂಚೆ ಬಿಸಿನೀರಲ್ಲಿ ಗಡ್ಡ ಚೆನ್ನಾಗಿ ನೆನೆಸೋದು ಬರೀ ಮುಖಕ್ಕೆ ಹಿತವಾಗಲಿ ಅಂತ ಅಲ್ಲ. ನೆನೆದ ಕೂದಲನ್ನು ಸುಲಭವಾಗಿ ಕೊಯ್ಯಬಹುದು, ಬಾಯಿಗೂ ಶ್ರಮ ಕಡಿಮೆ.

ಚೂರು ಏಳೋದರ ಜೊತೆಗೆ ಇನ್ನೆರಡು ಕೆಲಸ ನಡೆಯುತ್ತವೆ. ತೆಳು ಅಂಚು ಅಲ್ಲಲ್ಲಿ ಎಡಕ್ಕೋ ಬಲಕ್ಕೋ ಬಾಗುತ್ತದೆ. ಮತ್ತೆ ಸೋಪು, ನೀರು, ಉಪ್ಪು ಸೇರಿ ಕಣ್ಣಿಗೆ ಕಾಣದಷ್ಟು ತುಕ್ಕು ಹಿಡಿಯುತ್ತದೆ. ಈ ಎರಡಕ್ಕೆ ಮದ್ದು ಪಟ್ಟಿ. ಚೂರು ಎದ್ದದ್ದಕ್ಕೆ ಮದ್ದು ಕಲ್ಲು.

ಬಾಚೋದು ಬೇರೆ, ಕತ್ತರಿಸೋದು ಬೇರೆ

ಕನ್ನಡದಲ್ಲಿ ಒಂದು ತೊಂದರೆ ಇದೆ. ಎಲ್ಲದಕ್ಕೂ ‘ಮಸೆಯೋದು’ ಅಂತೀವಿ. ಆಗದವರ ಮೇಲೂ ಕತ್ತಿ ಮಸೀತೀವಿ! ಆದರೆ ಇಲ್ಲಿ ಕೆಲಸ ಎರಡು. ಕಲ್ಲಿನ ಮೇಲೆ ಉಜ್ಜಿದರೆ ಉಕ್ಕು ಹೋಗುತ್ತದೆ, ಹೊಸ ಬಾಯಿ ಹುಟ್ಟುತ್ತದೆ. ಚರ್ಮದ ಪಟ್ಟಿಯ ಮೇಲೆ ಎಳೆದರೆ ಉಕ್ಕು ಹೋಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಾಗಿದ ಅಂಚು ನೆಟ್ಟಗಾಗುತ್ತದೆ, ಅಂಟಿದ ಕೊಳೆ, ತುಕ್ಕಿನ ಪೊರೆ ಹೋಗುತ್ತದೆ.

ತಲೆಕೂದಲಿನ ಲೆಕ್ಕದಲ್ಲಿ ಹೇಳಿದರೆ ಪಟ್ಟಿಗೆ ಎಳೆಯುವುದು ಬಾಚಿಕೊಂಡ ಹಾಗೆ, ಕಲ್ಲಿಗೆ ಹಾಕುವುದು ಕಟಿಂಗ್ ಮಾಡಿಸಿದ ಹಾಗೆ. ತಲೆ ಕೆದರಿದಾಗೆಲ್ಲ ಕಟಿಂಗಿಗೆ ಓಡುವವರು ಯಾರೂ ಇಲ್ಲ. ಕತ್ತಿಯ ವಿಷಯದಲ್ಲಿ ಮಾತ್ರ ಓಡುತ್ತಾರೆ, ಕಲ್ಲಿಗೆ ಹಾಕಿ ಹಾಕಿ ಅಲಗಿನ ಆಯಸ್ಸು ಕಡಿಮೆ ಮಾಡುತ್ತಾರೆ.

ಪಟ್ಟಿಗೆ ಎಳೆಯುವ ಕ್ರಮ

ಪಟ್ಟಿಯನ್ನು ಅಂಗಡಿಯಲ್ಲಿ ಸ್ಟ್ರಾಪ್ ಅಂತ ಕೇಳಿ. ಸುಮಾರು ಮೂರು ಇಂಚು ಅಗಲದ ಚರ್ಮ, ಹೆಚ್ಚಿನವುಗಳ ಹಿಂದೆ ಕ್ಯಾನ್ವಾಸಿನಂಥ ದಪ್ಪ ಬಟ್ಟೆಯ ಇನ್ನೊಂದು ಪಟ್ಟಿ. ಒಂದು ತುದಿಗೆ ಕೊಕ್ಕೆ ಇರುತ್ತದೆ. ಅದನ್ನು ಕಿಟಕಿ ಸರಳಿಗೋ ಬಾಗಿಲ ಚಿಲಕಕ್ಕೋ ಸಿಕ್ಕಿಸಿ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಎಷ್ಟು ಬಿಗಿ? ಬಟ್ಟೆ ಒಣಹಾಕುವ ಹಗ್ಗ ಒದ್ದೆ ಪಂಚೆ ಹಾಕಿದಾಗ ಜೋತು ಬೀಳುತ್ತದಲ್ಲ, ಹಾಗೆ ಬೀಳಬಾರದು. ಜೋತು ಬಿದ್ದ ಪಟ್ಟಿ ಬಾಯಿಯನ್ನು ಸುತ್ತಿ ಬರುತ್ತದೆ, ನೆಟ್ಟಗಾಗಬೇಕಾದ ಅಂಚು ಗುಂಡಾಗುತ್ತದೆ.

ಕತ್ತಿಯನ್ನು ಪಟ್ಟಿಯ ಮೇಲೆ ಚಪ್ಪಟೆ ಮಲಗಿಸಿ, ಬೆನ್ನೂ ಬಾಯಿಯೂ ಎರಡೂ ತಾಗುವ ಹಾಗೆ. ಈಗ ಬೆನ್ನು ಮುಂದೆ ಹೋಗಬೇಕು, ಬಾಯಿ ಹಿಂದೆ ಎಳೆದುಕೊಂಡು ಬರಬೇಕು. ಪಟ್ಟಿಯ ಕೊನೆ ಮುಟ್ಟಿದಾಗ ನಿಲ್ಲಿಸಿ. ಕತ್ತಿಯನ್ನು ಮೇಲೆತ್ತಿ ದೋಸೆ ಮಗುಚಿದ ಹಾಗೆ ಮಗುಚಬಾರದು. ಬೆನ್ನು ಪಟ್ಟಿಗೆ ತಾಗಿಕೊಂಡೇ ಇರಲಿ, ಬೆನ್ನಿನ ಮೇಲೆಯೇ ಉರುಳಿಸಿ ಇನ್ನೊಂದು ಮಗ್ಗುಲಿಗೆ ಮಲಗಿಸಿ. ಮತ್ತೆ ಬೆನ್ನು ಮುಂದೆ ಮಾಡಿ ವಾಪಸ್ ಬನ್ನಿ. ಹೋಗಿ ಬಂದರೆ ಒಂದು ಸುತ್ತು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮಣಿಕಟ್ಟು ತಿರುಗಿ ಬಾಯಿ ಏಳುತ್ತದೆ. ಅದಕ್ಕೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪೆನ್ಸಿಲ್ ಉರುಳಿಸಿದ ಹಾಗೆ ಉರುಳಿಸುವುದು.

ಭಾರ ಹಾಕಬೇಡಿ. ಕತ್ತಿಯದ್ದೇ ತೂಕ ಸಾಕು. ಪಟ್ಟಿ ಕಿರಿದಾಗಿದ್ದರೆ ಬುಡದಿಂದ ತುದಿಯವರೆಗೆ ಪೂರ್ತಿ ತಾಗುವ ಹಾಗೆ ಸ್ವಲ್ಪ ಓರೆಯಾಗಿ ಎಳೆಯಬೇಕು. ಮೊದಲು ಬಟ್ಟೆಯ ಮೇಲೆ 20–30 ಸುತ್ತು, ಆಮೇಲೆ ಚರ್ಮದ ಮೇಲೆ 50–60 ಸುತ್ತು. ಇದು ಶಾಸ್ತ್ರವೇನಲ್ಲ, ಹೆಚ್ಚಿನವರು ಮಾಡುವ ರೂಢಿ. ಇದಕ್ಕೆ ಎರಡು ಮೂರು ನಿಮಿಷ ಸಾಕು.

ಅಮ್ಮ ಹೇಳುವ ಪ್ರಕಾರ ಅಜ್ಜ ಜಗಲಿಯ ಕಂಬಕ್ಕೆ ಪಟ್ಟಿ ಕಟ್ಟಿ ಎಳೆಯುತ್ತಿದ್ದರೆ ‘ಚಪ್ ಚಪ್’ ಅಂತ ತಾಳ ಹಾಕಿದ ಹಾಗೆ ಕೇಳುತ್ತಿತ್ತಂತೆ. ನಾನೂ ಮೊದಲ ದಿನವೇ ತಾಳ ಹಾಕೋಕೆ ಹೋದೆ. ಏಳನೇ ಸುತ್ತೋ ಎಂಟನೇ ಸುತ್ತೋ, ಮಗುಚುವುದಕ್ಕೆ ಅರ್ಧ ಕ್ಷಣ ಮುಂಚೆಯೇ ಕೈ ವಾಪಸ್ ಹೊರಟಿತು. ಬಾಯಿ ಮುಂದಾಯಿತು. ಚರ್ಮದಲ್ಲಿ ಅರ್ಧ ಇಂಚಿನ ಬಾಳೆಲೆಯಂಥ ಸಿಪ್ಪೆ ಎದ್ದು ನಿಂತಿತ್ತು, ಕತ್ತಿಯ ತುದಿ ಹತ್ತಿರ ಬೆಳಕಿಗೆ ಹಿಡಿದರೆ ಒಂದು ಚುಕ್ಕಿ ಹೊಳೆಯುತ್ತಿತ್ತು. ವೇಗದಿಂದ ಹರಿತ ಬರುವುದಿಲ್ಲ, ನಿಧಾನ ಮಾಡಿದವರಿಗೆ ವೇಗ ಆಮೇಲೆ ತಾನಾಗಿ ಬರುತ್ತದೆ, ಬರದಿದ್ದರೂ ನಷ್ಟ ಇಲ್ಲ. ಮೊದಲ ವಾರ ಮೊಂಡು ಬೆಣ್ಣೆ ಚಾಕುವಿನಲ್ಲಿ ಅಭ್ಯಾಸ ಮಾಡಿ. ಮೊದಲ ಪಟ್ಟಿ ಅಗ್ಗದ್ದೇ ಇರಲಿ, ಅದು ಕೊಯ್ದುಹೋಗೋಕೇ ಇರುವುದು.

ಎದ್ದ ಸಿಪ್ಪೆಯನ್ನು ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ನುಣ್ಣನೆ ಉಪ್ಪುಕಾಗದದಲ್ಲಿ ತಿಕ್ಕಿದರೆ ಪಟ್ಟಿ ಮತ್ತೆ ಬಳಸಬಹುದು. ದಿನಾ ಎಳೆಯುವ ಮುಂಚೆ ಒಣ ಅಂಗೈಯಿಂದ ಚರ್ಮವನ್ನು ಹತ್ತು ಸಲ ಸವರಿ. ಧೂಳು ಹೋಗುತ್ತದೆ, ಕೈಯ ಜಿಡ್ಡಷ್ಟೇ ಅದಕ್ಕೆ ಸಾಕಾಗುವ ಎಣ್ಣೆ. ಒಂದೇ ಒಂದು ಮರಳಿನ ಕಣ ಕೂತಿದ್ದರೂ ಬಾಯಿ ಹಾಳು.

ಕಲ್ಲಿನ ಸರದಿ ಬಂತು ಅಂತ ಗೊತ್ತಾಗುವುದು

ಪಟ್ಟಿಗೆ ಸರಿಯಾಗಿ ಎಳೆದ ಮೇಲೂ ಕತ್ತಿ ಗಡ್ಡವನ್ನು ಕೊಯ್ಯದೆ ಜಗ್ಗುತ್ತಿದೆ, ಮುಖ ಉರಿಯುತ್ತಿದೆ ಅಂದರೆ ಸರದಿ ಬಂತು. ಸರಿಯಾಗಿ ನೋಡಿಕೊಂಡರೆ ತಿಂಗಳುಗಟ್ಟಲೆ ಇದು ಬರುವುದಿಲ್ಲ. ಕಣ್ಣಲ್ಲೂ ನೋಡಬಹುದು. ಬಲ್ಬಿನ ಕೆಳಗೆ ಬಾಯಿಯನ್ನು ಮೇಲೆ ಮಾಡಿ ಹಿಡಿಯಿರಿ. ಹರಿತವಾದ ಬಾಯಿ ಬೆಳಕನ್ನು ವಾಪಸ್ ಕೊಡುವುದಿಲ್ಲ, ಕಪ್ಪಗೆ ಕಾಣುತ್ತದೆ. ಎಲ್ಲಾದರೂ ಬೆಳ್ಳಿ ಗೆರೆಯೋ ಚುಕ್ಕಿಯೋ ಮಿಂಚಿದರೆ ಅಲ್ಲಿ ಮೊಂಡಾಗಿದೆ ಅಥವಾ ಚೂರು ಎದ್ದಿದೆ.

ಕಲ್ಲಿಗೂ ಚರ್ಮಕ್ಕೂ ನಡುವೆ ಒಂದು ಮೆಟ್ಟಿಲಿದೆ. ಕ್ರೋಮಿಯಂ ಆಕ್ಸೈಡ್ ಅನ್ನುವ ಹಸಿರು ಪೇಸ್ಟನ್ನು ಬೇರೊಂದು ಪಟ್ಟಿಗೆ ತೆಳ್ಳಗೆ ಸವರಿ ಹತ್ತು ಸುತ್ತು ಎಳೆದರೆ ಬಾಯಿ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಅದರ ಕಣ ಸುಮಾರು ಅರ್ಧ ಮೈಕ್ರಾನ್, ಅಂದರೆ ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗ. ಆದರೆ ಇದು ಉಕ್ಕನ್ನು ತಿನ್ನುತ್ತದೆ. ದಿನಾ ಮಾಡಿದರೆ ಬಾಯಿ ಗುಂಡಾಗುತ್ತದೆ. ದಿನದ ಪಟ್ಟಿಗೆ ಇದನ್ನು ಹಚ್ಚಬೇಡಿ, ಒಮ್ಮೆ ಹಚ್ಚಿದರೆ ಅದು ಪೂರ್ತಿ ಹೋಗುವುದಿಲ್ಲ.

ಕಲ್ಲುಗಳಿಗೆ ನಂಬರು ಇರುತ್ತದೆ. ನಂಬರು ಹೆಚ್ಚಾದಷ್ಟೂ ಕಣ ನುಣುಪು. ಅಂಗಡಿ ಲೆಕ್ಕದಲ್ಲಿ 1000 ಅಂದರೆ ಉಪ್ಪಿಟ್ಟಿನ ದಪ್ಪ ರವೆ, 4000 ಅಂದರೆ ಚಿರೋಟಿ ರವೆ, 8000 ಅಂದರೆ ಮೈದಾ, 12000 ಅಂದರೆ ಮುಖಕ್ಕೆ ಹಚ್ಚುವ ಪೌಡರು. ಬಾಯಿ ಪೂರ್ತಿ ಕೆಟ್ಟಿದ್ದರೆ ಮಾತ್ರ 1000ದಿಂದ ಶುರು ಮಾಡಬೇಕು. ಬರೀ ಮೊಂಡಾಗಿದ್ದರೆ 8000, 12000 ಸಾಕು. ಗಣಿಯಿಂದ ತೆಗೆದ ಸಹಜ ಕಲ್ಲುಗಳೂ ಇವೆ. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ‘ಕೋಟಿಕ್ಯೂಲ್’ ಅನ್ನುವ ಹಳದಿ ಕಲ್ಲಿನಲ್ಲಿ ಉಜ್ಜುವ ಕೆಲಸ ಮಾಡುವುದು ಅದರೊಳಗಿನ ಸಣ್ಣ ಸಣ್ಣ ಗಾರ್ನೆಟ್ ಹರಳುಗಳು. ಅಮೆರಿಕದ ಅರ್ಕಾನ್ಸಾಸಿನ ‘ನೊವಾಕ್ಯುಲೈಟ್’ ಕಲ್ಲಿಗೆ ಆ ಹೆಸರು ಬಂದದ್ದೇ ಲ್ಯಾಟಿನ್ನಿನ ‘ನೊವಾಕ್ಯುಲಾ’ದಿಂದ, ಅಂದರೆ ಕ್ಷೌರದ ಕತ್ತಿ.

ಕಲ್ಲಿನ ಮೇಲೆ ದಿಕ್ಕು ಉಲ್ಟಾ. ಪಟ್ಟಿಯಲ್ಲಿ ಬೆನ್ನು ಮುಂದೆ, ಕಲ್ಲಿನಲ್ಲಿ ಬಾಯಿ ಮುಂದೆ. ಇದೊಂದನ್ನು ಕನ್ನಡಿಯ ಪಕ್ಕ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ. ಕಲ್ಲಿಗೆ ನೀರು ಹಾಕಿ, ಕತ್ತಿ ಚಪ್ಪಟೆ ಇಟ್ಟು, ಹಗುರ ಕೈಯಲ್ಲಿ ಮಾವಿನ ಹಣ್ಣಿನ ಮೇಲಿಂದ ತೆಳು ಸಿಪ್ಪೆ ಹೆರೆಯುವ ಹಾಗೆ ಮುಂದೆ ತಳ್ಳಬೇಕು. ಬಾಯಿ ಎಲ್ಲ ಕಡೆ ತಾಗುತ್ತಿದೆಯಾ ಅಂತ ನೋಡೋಕೆ ಅಂಚಿಗೆ ಸ್ಕೆಚ್ ಪೆನ್ನಿನ ಬಣ್ಣ ಹಚ್ಚಿ ನಾಲ್ಕು ಸಲ ಎಳೆಯಿರಿ. ಬಣ್ಣ ಉಳಿದ ಜಾಗ ಕಲ್ಲಿಗೆ ತಾಗಿಲ್ಲ. ಕಲ್ಲೇ ತಗ್ಗುದಿಣ್ಣೆಯಾಗಿದ್ದರೆ ಇದೆಲ್ಲ ವ್ಯರ್ಥ. ಗಾಜಿನ ಮೇಲೆ ನೀರಲ್ಲಿ ಬಳಸುವ ಉಪ್ಪುಕಾಗದ ಹಾಸಿ, ಕಲ್ಲಿನ ಮೇಲೆ ಪೆನ್ಸಿಲ್ ಚೌಕ ಗೀಚಿ, ಗೆರೆಗಳೆಲ್ಲ ಅಳಿಯುವ ತನಕ ತಿಕ್ಕಿದರೆ ಕಲ್ಲು ಸಮ.

ಈಗ ಸಾಣೆಯವನ ವಿಷಯ. ಅವನ ಚಕ್ರ ಕುಡುಗೋಲಿಗೆ, ಕತ್ತರಿಗೆ, ಅಡಿಕೆ ಕತ್ತಿಗೆ ಸರಿ. ಕ್ಷೌರದ ಕತ್ತಿಯ ಬಾಯಿ ಎಷ್ಟು ತೆಳು ಅಂದರೆ ತಿರುಗುವ ಚಕ್ರ ತಾಗಿದ ಕೆಲವೇ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ. ನೀಲಿ ಬಂತು ಅಂದರೆ ಸುಮಾರು 300 ಡಿಗ್ರಿ ದಾಟಿತು, ಉಕ್ಕಿಗೆ ಕೊಟ್ಟ ಹದ ಹೋಯಿತು. ಅಲ್ಲಿಂದ ಮುಂದೆ ಅದು ಎಷ್ಟು ಮಸೆದರೂ ನಿಲ್ಲದ ಮೆತ್ತನೆ ಕಬ್ಬಿಣ. ಬೆನ್ನು ಬಾಯಿಯ ಲೆಕ್ಕವೂ ತಪ್ಪುತ್ತದೆ. ಅಜ್ಜನ ಕತ್ತಿ ಉಳಿದದ್ದು ಅವತ್ತು ಸಂತೆಗೆ ಮಳೆ ಬಂದದ್ದರಿಂದ.

ಹೊಸ ಕತ್ತಿಗೂ ಇಲ್ಲೇ ಒಂದು ಮಾತು. ಪೆಟ್ಟಿಗೆಯಿಂದ ತೆಗೆದ ತಕ್ಷಣ ಹರಿತ ಇರುತ್ತದೆ ಅಂತಿಲ್ಲ. ಒಳ್ಳೆಯ ಕತ್ತಿಗೂ ಎಷ್ಟೋ ಸಲ ಕೊನೆಯ ಕಲ್ಲು ನಾವೇ ಹಾಕಬೇಕು. ಇನ್ನು ಕೆಲವು ನೂರು ರೂಪಾಯಿಗೆ ಚಿತ್ರ ಕೊರೆದು ಬರುವ ಹೊಳೆಯುವ ಕತ್ತಿಗಳಲ್ಲಿ ಎಷ್ಟೋ ಬರೀ ಕತ್ತಿಯ ಆಕಾರದವು. ಅವನ್ನು ಯಾವ ಕಲ್ಲೂ ಕಾಪಾಡುವುದಿಲ್ಲ.

ಉಕ್ಕಿನ ಮಾತು ಬಂದರೆ ಕನ್ನಡವೂ ಬರುತ್ತದೆ

ಒಳ್ಳೆ ಬಾಯಿಗೆ ಬೇಕಾದ್ದು ಇಂಗಾಲ ಹೆಚ್ಚಿರುವ ಶುದ್ಧ ಉಕ್ಕು. 1790ರ ದಶಕದಲ್ಲಿ ಇಂಡಿಯಾದಿಂದ ಲಂಡನ್ನಿಗೆ ಅಂಥ ಉಕ್ಕಿನ ಬಿಲ್ಲೆಗಳು ಹೋದವು. ಅಲ್ಲಿಯವರು ಅದನ್ನು ‘ವೂಟ್ಸ್’ ಅಂತ ಕರೆದರು. ಆ ಪದ ಕನ್ನಡದ ‘ಉಕ್ಕು’ ಕೆಟ್ಟು ಬಂದದ್ದು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ಲಂಡನ್ನಿನಲ್ಲಿ ಚಾಕು, ಶಸ್ತ್ರಕ್ರಿಯೆಯ ಉಪಕರಣ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಇದನ್ನು ತುಂಬ ಮೆಚ್ಚಿದ. ಅವನೂ ಮೈಕೆಲ್ ಫ್ಯಾರಡೆಯೂ ಸೇರಿ ಇದರ ಗುಟ್ಟು ಹುಡುಕುತ್ತ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿ, 1820ರಲ್ಲಿ ಅದನ್ನು ಪ್ರಕಟಿಸಿದರು. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ. ತನ್ನ ಮಿಶ್ರ ಉಕ್ಕಿನಲ್ಲಿ ಮಾಡಿಸಿದ ಕ್ಷೌರದ ಕತ್ತಿಗಳನ್ನು ಸ್ನೇಹಿತರಿಗೆ ಉಡುಗೊರೆ ಕೊಡುತ್ತಿದ್ದ.

ಆಮೇಲೆ ಒರೆಸುವುದು

ಇಂಗಾಲದ ಉಕ್ಕಿಗೆ ನೀರು ಆಗಿಬರುವುದಿಲ್ಲ. ಕಬ್ಬಿಣದ ಕಾವಲಿಯನ್ನು ತೊಳೆದು ಹಾಗೇ ಬಿಟ್ಟರೆ ಬೆಳಗ್ಗೆ ಏನಾಗಿರುತ್ತದೆ ಗೊತ್ತಲ್ಲ, ಇಲ್ಲಿ ಅದೇ ಕೆಲಸ ಬಾಯಿಯ ತೆಳು ಅಂಚಿನಲ್ಲಿ ನಡೆಯುತ್ತದೆ. ಕ್ಷೌರ ಆದ ಮೇಲೆ ಸೋಪು ತೊಳೆದು, ಮೆತ್ತನೆ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ. ಬಾಯಿಯ ಉದ್ದಕ್ಕೆ ಒರೆಸಿದರೆ ಬಟ್ಟೆಯೂ ಬೆರಳೂ ಎರಡೂ ಹೋಗುತ್ತವೆ. ಆಮೇಲೆ ಬಟ್ಟೆ ಪಟ್ಟಿಯ ಮೇಲೆ ಐದಾರು ಸುತ್ತು ಎಳೆದರೆ ಉಳಿದ ತೇವವೂ ಹೋಯಿತು. ಹಿಡಿಯ ಸಂದಿಯಲ್ಲಿ, ಮೊಳೆಯ ಸುತ್ತ ನೀರು ಕೂರುತ್ತದೆ. ಅಲ್ಲಿಗೆ ಕಾಗದದ ತುಂಡು ತೂರಿಸಿ ತೆಗೆಯಿರಿ. ಮಡಿಸಿಡುವ ಮುಂಚೆ ಸ್ವಲ್ಪ ಹೊತ್ತು ಬಿಚ್ಚಿಡಿ. ಬಚ್ಚಲು ಮನೆಯಲ್ಲಿ ಮಾತ್ರ ಇಡಬೇಡಿ.

ಹಿಂದೆ ಯುರೋಪಿನಲ್ಲಿ ಏಳು ಕತ್ತಿಗಳ ಪೆಟ್ಟಿಗೆ ಸಿಗುತ್ತಿತ್ತು, ಒಂದೊಂದರ ಬೆನ್ನಿನ ಮೇಲೆ ವಾರದ ಒಂದೊಂದು ದಿನದ ಹೆಸರು. ಉಕ್ಕಿಗೆ ‘ವಿಶ್ರಾಂತಿ’ ಕೊಟ್ಟರೆ ಬಾಯಿ ತಾನೇ ಸರಿಯಾಗುತ್ತದೆ ಅನ್ನುವ ನಂಬಿಕೆಯೂ ಇತ್ತು. ಪಟ್ಟಿ ಚೆನ್ನಾಗಿ ಎಳೆಯುವವರಿಗೆ ಒಂದೇ ಕತ್ತಿ ಏಳೂ ದಿನ ನಡೆಯುತ್ತದೆ.

ನಮ್ಮದು ಮಲೆನಾಡು. ಜೂನ್ ಬಂತು ಅಂದರೆ ಚಪ್ಪಲಿಗೂ ಬೂಸಲು, ಪಟ್ಟಿಗೂ ಬೂಸಲು. ಪಟ್ಟಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕದೆ ಗಾಳಿಯಾಡುವ ಕಡೆ ತೂಗುಹಾಕುತ್ತೇನೆ. ವಾರಕ್ಕಿಂತ ಜಾಸ್ತಿ ಬಳಸುವುದಿಲ್ಲ ಅಂದಾಗ ಕತ್ತಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸವರುತ್ತೇನೆ. ಹೊಸ ಕತ್ತಿಯ ಜೊತೆ ಬರುವ ಚರ್ಮದ ಚೀಲ ಚಂದವೇ, ಆದರೆ ಚರ್ಮ ತೇವ ಹಿಡಿದಿಡುತ್ತದೆ, ಅದರೊಳಗೆ ಇಟ್ಟ ಕತ್ತಿಗೆ ಮಳೆಗಾಲದಲ್ಲಿ ಚುಕ್ಕೆ ಬಿದ್ದೇ ಬೀಳುತ್ತದೆ. ಅಜ್ಜನ ಕತ್ತಿ ಈಗಲೂ ಇರುವುದು ಅದೇ ಪಂಚೆಯ ತುಂಡಿನಲ್ಲಿ. ತುಂಡು ಒಣಗಿದೆ ಅನ್ನಿಸಿದಾಗ ಅದಕ್ಕೂ ಎರಡು ಹನಿ.